ಹಗಲು ಮಲಗುವ ಮನೆಗಳು

ನಾನು ಏನು ಓದುತ್ತಿದ್ದೇನೆ ಎಂದು ವಿನೋಬನಗರದ ನಮ್ಮ ಮನೆ ಓನರ್ ಆಂಟಿಗೆ ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಗಿ ಹೋಗಿತ್ತು. ಅತಿಯಾದ ಬಿಸಿಲು, ಬರ, ನೆರೆ, ಇವು ಜನರ ಬದುಕನ್ನು ಏನು ಮಾಡುತ್ತವೆ ಎಂಬುದರ ಅಧ್ಯಯನ ಎಂದೆ. ಅವರು ಅಕ್ಕಿ ಕೇರುತ್ತಿದ್ದ ಮೊರವನ್ನು ಪಕ್ಕಕ್ಕಿಟ್ಟು ನನ್ನ ಮುಖ ನೋಡಿದರು.

"ಬಿಸಿಲಿನ ಬಗ್ಗೆ ಓದೋಕೆ ಏನಿದೆ ಮಾರಾಯ್ತಿ, ಹೊರಗೆ ಕಾಲಿಟ್ರೆ ಗೊತ್ತಾಗುತ್ತಲ್ಲ. ಅದಕ್ಕೆ ಸಂಬಳ ಬೇರೆ ಕೊಡ್ತಾರಾ?"

ಕೊಡುತ್ತಾರೆ, ಕೆಲವು ತಿಂಗಳು ತಡವಾಗಿ ಕೊಡುತ್ತಾರೆ ಎಂದೆ. ಸದ್ಯ, ಬಾಡಿಗೆಗೆ ತೊಂದರೆಯಿಲ್ಲ ಎಂದು ಅವರು ಮತ್ತೆ ಮೊರ ಎತ್ತಿಕೊಂಡರು.

ಆಂಟಿಯ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ಓದಿಕೊಂಡವರ ಮೇಲೆ. ಶಿವಮೊಗ್ಗ ಜಿಲ್ಲೆ ಎಂದರೆ ಸಾಕು, ಹೊರಗಿನವರು ಮಳೆ, ಕಾಡು, ಜಲಪಾತ ಎಂದು ಶುರು ಮಾಡುತ್ತಾರೆ. ಸೆಮಿನಾರುಗಳಲ್ಲಿ ನಾನು ಸೆಕೆಯ ಬಗ್ಗೆ ಮಾತಾಡಲು ಎದ್ದರೆ, "ನಿಮ್ಮ ಮಲೆನಾಡಿನಲ್ಲಿ ಎಂಥ ಸೆಕೆ ಮೇಡಂ?" ಎಂದು ಒಬ್ಬರಾದರೂ ನಗುತ್ತಿದ್ದರು. ಅಂಥವರನ್ನು ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಭದ್ರಾವತಿಯ ಶೀಟಿನ ಮನೆಯೊಂದರಲ್ಲಿ ಕೂರಿಸಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕೂರಿಸಿ, ಫ್ಯಾನಿನ ಸ್ವಿಚ್ಚು ಆರಿಸಿ, ಆಮೇಲೆ ಜಲಪಾತದ ವಿಷಯ ಮಾತಾಡಲಿ.

ನಾನು ಹುಟ್ಟಿ ಬೆಳೆದದ್ದು ಅಂಥ ಮನೆಯಲ್ಲಿ. ಒಂದಕ್ಕೊಂದು ಗೋಡೆ ಹಂಚಿಕೊಂಡ ಒಂಟಿ ಕೋಣೆಯ ಮನೆಗಳು ಸಾಲಾಗಿ ಇದ್ದವು. ಮೇಲೆ ಸಿಮೆಂಟ್ ಶೀಟು, ಮುಂದೊಂದು ಬಾಗಿಲು, ಹಿಂದೊಂದು ಬಾಗಿಲು. ಆ ಸಾಲುಗಳಿಗೆ ಎಲ್ಲರೂ ಲೈನು ಎನ್ನುತ್ತಿದ್ದರು. ಕನ್ನಡ, ತಮಿಳು, ತೆಲುಗು ಮೂರನ್ನೂ ಆಡುವವರು ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತ, ಮೂರರಲ್ಲೂ ಜಗಳವಾಡುತ್ತ ಇದ್ದರು. ಅಪ್ಪ ಒಂದು ಸಣ್ಣ ಖಾಸಗಿ ಫೌಂಡ್ರಿಯಲ್ಲಿ ಕಬ್ಬಿಣದ ಎರಕ ಹೊಯ್ಯುವ ಕೆಲಸದಲ್ಲಿದ್ದರು. ಲೈನಿನ ಬಹುಪಾಲು ಗಂಡಸರದ್ದೂ ಅದೇ ತರಹದ ಕೆಲಸ, ಪಾಳಿಯ ಮೇಲೆ ಪಾಳಿ.

ನೈಟ್ ಶಿಫ್ಟಿನ ವಾರ ಅಪ್ಪ ಬೆಳಿಗ್ಗೆ ಬಂದು, ಸ್ನಾನ ಮಾಡಿ, ಬಿಸಿ ಅನ್ನ ಉಂಡು, ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿ ಒರೆಸಿ ಅದರ ಮೇಲೆಯೇ ಮಲಗುತ್ತಿದ್ದರು. ಅಮ್ಮ ಆಗ ಅಕ್ಕನನ್ನೂ ನನ್ನನ್ನೂ ಹೊರಗೆ ಕರೆದು ಮುಂಬಾಗಿಲಿಗೆ ಬೀಗ ಹಾಕುತ್ತಿದ್ದಳು. ಒಳಗೆ ಅಪ್ಪ, ಹೊರಗೆ ಬೀಗ. ಕೇಳಿದವರಿಗೆ ವಿಚಿತ್ರ ಎನ್ನಿಸಬಹುದು, ನಮಗೆ ಹಲ್ಲುಜ್ಜಿದಷ್ಟು ಸಹಜವಾಗಿತ್ತು. ಹಿಂಬಾಗಿಲಿಗೆ ಒಳಗಿನಿಂದ ಚಿಲಕವಿರುತ್ತಿತ್ತು, ಎಚ್ಚರವಾದಾಗ ಅಪ್ಪ ಅದನ್ನು ತೆಗೆದು ಬರುತ್ತಿದ್ದರು. ಮುಂದಿನ ಬೀಗ ಇದ್ದದ್ದು ಬಾಗಿಲು ಬಡಿಯುವವರಿಗಾಗಿ. ಬರೀ ಮುಚ್ಚಿದ ಬಾಗಿಲನ್ನು ಎಲ್ಲರೂ ಬಡಿಯುತ್ತಾರೆ, ಸೀರೆ ಕಂತಿನವನು, ಹಳೆ ಬಟ್ಟೆಗೆ ಪಾತ್ರೆ ಕೊಡುವವಳು, ಹೇಳದೆ ಕೇಳದೆ ಬರುವ ನೆಂಟರು. ಬೀಗ ಕಂಡರೆ ಸುಮ್ಮನೆ ಮುಂದಕ್ಕೆ ಹೋಗುತ್ತಾರೆ.

ಯಾರಾದರೂ ಬಿಡದೆ ಅಕ್ಕಪಕ್ಕದಲ್ಲಿ ವಿಚಾರಿಸಿದರೆ ಅದಕ್ಕೂ ಉತ್ತರ ಸಿದ್ಧವಿತ್ತು. "ಊರಿಗೆ ಹೋಗಿದಾರೆ." ಇಡೀ ಲೈನಿಗೆ ಅದೊಂದೇ ಉತ್ತರ. ಯಾರೂ ಯಾರಿಗೂ ಹೇಳಿಕೊಟ್ಟದ್ದಲ್ಲ. ಇವತ್ತು ನಾನು ನಿಮ್ಮ ಮನೆಯ ನಿದ್ದೆ ಕಾದರೆ ನಾಳೆ ನೀವು ನಮ್ಮ ಮನೆಯ ನಿದ್ದೆ ಕಾಯುತ್ತೀರಿ ಎಂಬ ಒಪ್ಪಂದ ಅದು.

ಬೀಗ ಬಿದ್ದ ಮನೆಗಳ ಹೆಂಗಸರು ಮಕ್ಕಳೆಲ್ಲ ಲೈನಿನ ಕೊನೆಯಲ್ಲಿದ್ದ ಹೊಂಗೆಮರದ ಕೆಳಗೆ ಸಂಜೆಯವರೆಗೆ ಕೂರುತ್ತಿದ್ದೆವು. ಸೊಪ್ಪು ಬಿಡಿಸುವುದು, ಹೂ ಕಟ್ಟುವುದು, ಹೇನು ಹೆಕ್ಕುವುದು ಎಲ್ಲ ಅಲ್ಲೇ. ನಾನು ಪರೀಕ್ಷೆಗೆ ಓದಿದ್ದೂ ಅಲ್ಲೇ. ಮಕ್ಕಳ ದನಿ ಸ್ವಲ್ಪ ಏರಿದರೆ ಪಕ್ಕದ ಮನೆಯ ತಮಿಳು ಅಜ್ಜಿ, ನಮಗೆಲ್ಲ ಪಾಟಿ, "ಸತ್ತಂ ಪೋಡಾದೆ" ಎಂದು ಗದರುತ್ತಿದ್ದರು. ಸದ್ದು ಮಾಡಬೇಡ ಎಂಬ ಆ ಮಾತೇ ನಾನು ಕಲಿತ ಮೊದಲ ತಮಿಳು.

ಸಾಧಾರಣ ಬೇಸಿಗೆಯಲ್ಲಿ ಅದೊಂದು ಬಗೆಯ ಪಿಕ್‌ನಿಕ್ಕು. ಆದರೆ ಕೆಲವು ಬೇಸಿಗೆಗಳು ಸಾಧಾರಣವಾಗಿರುತ್ತಿರಲಿಲ್ಲ. ಮರದ ಕೆಳಗೂ ಗಾಳಿ ಬೇಯುತ್ತಿತ್ತು. ಅಂಥದೊಂದು ಬೇಸಿಗೆಯಲ್ಲಿ ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ಕೂತಲ್ಲೇ ವಾಲಿ ಬಿದ್ದಳು. ಪಿತ್ತ ಎಂದರು. ನಿಂಬೆಹಣ್ಣಿನ ಪಾನಕ ಕುಡಿಸಿದರು, ಮುಖಕ್ಕೆ ನೀರು ಎರಚಿದರು, ಆದರೆ ಯಾರೂ ಅವಳನ್ನು ಮನೆಯೊಳಗೆ ಕರೆದುಕೊಂಡು ಹೋಗಲಿಲ್ಲ. ಅವಳೂ ಕೇಳಲಿಲ್ಲ. ಅದರ ಹಿಂದಿನ ವರ್ಷವೇ ಅಪ್ಪ ನಿದ್ದೆಯಿಲ್ಲದ ಒಂದು ವಾರದ ಕೊನೆಯಲ್ಲಿ ಕುಲುಮೆಯ ಮುಂದೆ ತೂಕಡಿಸಿ ಕಾಲ ಮೇಲೆ ಕಾದ ಕಬ್ಬಿಣ ಚೆಲ್ಲಿಕೊಂಡಿದ್ದರು. ಆ ಪಾದಕ್ಕೆ ಮತ್ತೆಂದೂ ಚಪ್ಪಲಿ ಸರಿಯಾಗಿ ಕೂರಲಿಲ್ಲ. ಅಪ್ಪನ ಮೇಲೆ ಸಿಟ್ಟು ಮಾಡಿಕೊಳ್ಳುವಂತಿರಲಿಲ್ಲ, ಅಮ್ಮನ ಮೇಲೂ ಮಾಡಿಕೊಳ್ಳುವಂತಿರಲಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ನಾನು ಮುಂದೆ ಹಿಡಿದ ವಿಷಯ ಹುಟ್ಟಿದ್ದು ಆ ಉರಿಯಿಂದ, ಯಾವ ಪುಸ್ತಕದಿಂದಲೂ ಅಲ್ಲ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಸಾಲಾಗಿ ಕೆಲವು ವರ್ಷ ಮಳೆ ಕೈಕೊಟ್ಟಾಗ ನಾನು ಶಿವಮೊಗ್ಗದ ರವೀಂದ್ರನಗರದಲ್ಲಿದ್ದ ಒಂದು ಪುಟ್ಟ ಅಧ್ಯಯನ ಕೇಂದ್ರದಲ್ಲಿ ಸಂಶೋಧಕಿಯಾಗಿದ್ದೆ. ಬಾಡಿಗೆ ಮನೆಯ ಮಹಡಿ, ಕರಗುವಷ್ಟು ಬಿಸಿಯಾಗುತ್ತಿದ್ದ ಒಂದು ಕಂಪ್ಯೂಟರು, ಗೋಡೆಯ ಮೇಲೆ ಜಿಲ್ಲೆಯ ನಕ್ಷೆ, ಇಷ್ಟೇ ಕೇಂದ್ರ. ನಿರ್ದೇಶಕರು ನಿವೃತ್ತ ಪ್ರಾಧ್ಯಾಪಕರು. ನನ್ನ ಪಿಎಚ್.ಡಿ. ಮಾರ್ಗದರ್ಶಕರೂ ಅವರೇ. ಅವರು ಕೆಟ್ಟವರಾಗಿರಲಿಲ್ಲ. ಕೆಟ್ಟವರು ಎಂದುಬಿಟ್ಟರೆ ನನಗೆ ಬರೆಯುವುದು ಸುಲಭ, ಆದರೆ ಸುಳ್ಳಾಗುತ್ತದೆ. ನನ್ನ ಸಂಬಳ ತಡವಾದಾಗ ತಮ್ಮ ಜೇಬಿನಿಂದ ಕೊಟ್ಟ ಮನುಷ್ಯ. ಅವರಿಗಿದ್ದ ಒಂದೇ ಕಾಯಿಲೆ, ವೇದಿಕೆ ಮೇಲೆ ಚಪ್ಪಾಳೆ ಬೀಳುವಂಥ ವಿಷಯ ಬೇಕು ಎಂಬುದು.

ಬರದ ಪರಿಣಾಮ ತಿಳಿಯಲು ನಾವು ಮನೆಮನೆ ಸರ್ವೆ ಮಾಡಿದೆವು. ಕುಂಸಿ ಕಡೆಯ ಹಳ್ಳಿಗಳು ನನ್ನ ಪಾಲಿಗೆ ಬಂದವು. ಭದ್ರಾವತಿಯ ಲೈನುಗಳಿಗೆ ಕೂಲಿಯ ಮೇಲೆ ತಂದ ಕಾಲೇಜು ಹುಡುಗರು ಹೋದರು. ನನ್ನನ್ನೇ ಭದ್ರಾವತಿಗೆ ಕಳಿಸಿ ಎಂದು ಕೇಳಿದ್ದೆ. "ನಿಮ್ಮೂರಿಗೆ ನೀವೇ ಹೋದ್ರೆ ಪಕ್ಷಪಾತ ಆಗುತ್ತಮ್ಮ" ಎಂದು ಸರ್ ಒಪ್ಪಿರಲಿಲ್ಲ. ಹುಡುಗರು ಬಿಸಿಲೇರಿದ ಮೇಲೆ ಬಸ್ಸಿಳಿದು, ಬಿಸಿಲು ಇಳಿಯುವ ಮೊದಲೇ ಬಸ್ಸು ಹತ್ತಿದರು.

ನಾನು ಕುಂಸಿಯಿಂದ ಬಿಸಿಲಿಗೆ ಮೂತಿ ಕಪ್ಪು ಮಾಡಿಕೊಂಡು ವಾಪಸ್ ಬಂದ ದಿನ ಆಫೀಸಿನಲ್ಲಿ ಹಬ್ಬದ ಕಳೆ. ಭದ್ರಾವತಿಯ ಲೈನುಗಳ ನಕ್ಷೆಯನ್ನು ಮೇಜಿನ ಮೇಲೆ ಹರಡಿದ್ದರು. ಅದರ ತುಂಬ ಕೆಂಪು ಬಣ್ಣ.

"ನೋಡಮ್ಮ, ಗುಳೆ. ಮಲೆನಾಡಿನ ಸೆರಗಲ್ಲೇ ಗುಳೆ. ಇಂಥದ್ದು ಇದುವರೆಗೆ ಯಾರೂ ತೋರಿಸಿಲ್ಲ. ಕೆಂಪು ಇರೋದೆಲ್ಲ ಖಾಲಿ ಮನೆ, ಅರ್ಧಕ್ಕರ್ಧ ಲೈನು. ಬಿಸಿಲು ತಡೀಲಾರ್ದೆ, ನೀರಿಲ್ದೆ ಬೀಗ ಹಾಕ್ಕೊಂಡು ಊರಿಗೆ ಹೊರಟು ಹೋಗಿದಾರೆ" ಎಂದರು ಸರ್. ಉತ್ತರ ಕರ್ನಾಟಕದಲ್ಲಿ ಬರ ಬಿದ್ದಾಗ ಜನ ಹೊಟ್ಟೆಪಾಡಿಗೆ ಊರು ಬಿಡುವುದಕ್ಕೆ ಇರುವ ಮಾತು ಗುಳೆ. ಆ ಮಾತನ್ನು ನಮ್ಮ ಜಿಲ್ಲೆಗೆ ತಂದ ಮೊದಲಿಗರಾಗುವ ಸಂಭ್ರಮ ಅವರ ಮುಖದಲ್ಲಿ ಕುಣಿಯುತ್ತಿತ್ತು.

ನಾನು ಬಗ್ಗಿ ನೋಡಿದೆ. ಕೆಂಪು ಮನೆಗಳಲ್ಲಿ ಒಂದು ನಮ್ಮ ಅಕ್ಕನದು. ಅಕ್ಕನನ್ನು ಅದೇ ಲೈನಿನಲ್ಲಿ, ಫೌಂಡ್ರಿಯಲ್ಲೇ ಕೆಲಸ ಮಾಡುವವರಿಗೆ ಕೊಟ್ಟಿತ್ತು. ಹಿಂದಿನ ಭಾನುವಾರವಷ್ಟೇ ಆ ಗುಳೆ ಹೋದ ಮನೆಯಲ್ಲಿ ನಾನು ಮೀನುಸಾರು ಹೊಡೆದು ಬಂದಿದ್ದೆ. ನಗು ತಡೆಯಲಾಗಲಿಲ್ಲ, ಜೋರಾಗಿಯೇ ನಕ್ಕುಬಿಟ್ಟೆ. ಸರ್ ಕೂಡ ನಕ್ಕರು. ನನಗೂ ಖುಷಿಯಾಗಿದೆ ಎಂದುಕೊಂಡರು.

"ಸರ್, ಇದು ನಮ್ಮಕ್ಕನ ಮನೆ. ಅವಳು ಎಲ್ಲಿಗೂ ಹೋಗಿಲ್ಲ" ಎಂದೆ.

"ಒಂದು ಮನೆ ಹೆಚ್ಚುಕಮ್ಮಿ ಆಗುತ್ತಮ್ಮ. ಸರ್ವೆ ಅಂದ್ಮೇಲೆ ಅಷ್ಟು ಇದ್ದೇ ಇರುತ್ತೆ."

"ಒಂದಲ್ಲ ಸರ್. ಈ ಕೆಂಪು ಮನೆಗಳಲ್ಲೆಲ್ಲ ಜನ ಇದಾರೆ."

"ಹುಡುಗರು ಸುಮ್ನೆ ಬರ್ಕೊಂಡು ಬಂದಿಲ್ಲ. ಅಕ್ಕಪಕ್ಕ ಕೇಳಿದಾರೆ. ಊರಿಗೆ ಹೋಗಿದಾರೆ ಅಂತ ಎಲ್ಲರೂ ಹೇಳಿದಾರೆ. ಒಬ್ಬರಾದ್ರೂ ಬೇರೆ ಉತ್ತರ ಕೊಟ್ಟಿಲ್ಲ. ಇದಕ್ಕಿಂತ ಗಟ್ಟಿ ಸಾಕ್ಷಿ ಏನು ಬೇಕು?"

ಎಲ್ಲರೂ ಒಂದೇ ಉತ್ತರ ಕೊಟ್ಟರಲ್ಲ, ಅದೇ ಎಡವಟ್ಟು. ನಾಲಿಗೆಯ ತುದಿಗೆ ಬಂದದ್ದನ್ನು ಹೇಳಲು ಹೊರಟವಳು ತಡೆದುಕೊಂಡೆ. ಬೀಗದ ಗುಟ್ಟು ನನ್ನೊಬ್ಬಳದಾಗಿರಲಿಲ್ಲ. ಅದನ್ನು ರವೀಂದ್ರನಗರದ ಮಹಡಿಯ ಮೇಲೆ, ಫ್ಯಾನಿನ ಕೆಳಗೆ ಕೂತು, ಹುಡುಗರೆಲ್ಲ ಕೇಳುವಂತೆ ಬಿಚ್ಚಿಡುವ ಹಕ್ಕು ನನಗಿಲ್ಲ ಎನ್ನಿಸಿತು.

"ನನಗೆ ಗೊತ್ತು ಸರ್. ಹೇಗೆ ಅಂತ ಈಗ ಹೇಳೋಕಾಗಲ್ಲ."

"ಹೇಗೆ ಅಂತ ಹೇಳ್ದೆ ಇದ್ರೆ ಅದು ಸಂಶೋಧನೆ ಅಲ್ಲಮ್ಮ, ಹಟ."

"ಹಟ ಅಂತಲೇ ಅಂದ್ಕೊಳಿ ಸರ್. ಆ ನಕ್ಷೆಗೆ ನನ್ನ ಹೆಸರು ಹಾಕ್ಬೇಡಿ."

ಹುಡುಗರು ಪೇಪರು ಜೋಡಿಸುವಂತೆ ನಟಿಸುತ್ತ ಕಿವಿ ನಿಮಿರಿಸಿಕೊಂಡು ಕೂತಿದ್ದರು. ಸರ್ ಕನ್ನಡಕ ತೆಗೆದು ಒರೆಸಿದರು. ಆಮೇಲೆ ಸಮಾಧಾನದ ದನಿಯಲ್ಲೇ ಇನ್ನೊಂದು ವಿಷಯ ಹೇಳಿದರು. ಬರ ನೋಡಲು ಬೆಂಗಳೂರಿನಿಂದ ಒಂದು ತಂಡ ಬರಲಿದೆ, ಆ ತಂಡಕ್ಕೆ ನಮ್ಮ ನಕ್ಷೆಯನ್ನೇ ಕೊಡುವುದು, ಅದನ್ನು ನೋಡಿ ಯಾವ ಲೈನಿಗೆ ಎಷ್ಟು ನೀರಿನ ಟ್ಯಾಂಕರು ಎಂದು ಅವರು ಹಂಚುತ್ತಾರೆ. ಕೇಂದ್ರಕ್ಕೆ ಎಷ್ಟು ದೊಡ್ಡ ಗೌರವ ನೋಡು ಎಂಬ ಅರ್ಥದಲ್ಲಿ ಅವರು ಅದನ್ನು ಹೇಳಿದ್ದು. ಖಾಲಿ ಮನೆಗೆ ಯಾರೂ ನೀರು ಕಳಿಸುವುದಿಲ್ಲ. ಬೋರ್‌ವೆಲ್ ಬತ್ತಿ, ನಲ್ಲಿ ಸೀಟಿ ಹೊಡೆಯುತ್ತಿದ್ದ ಆ ಬೇಸಿಗೆಯಲ್ಲಿ ಟ್ಯಾಂಕರ್ ಒಂದೇ ಲೈನಿನ ಜೀವ. ಊರಿನ ನಡುವೆ ಹೊಳೆಯಿದ್ದರೂ ಹೊಳೆಗೂ ನಮ್ಮ ಕೊಡಕ್ಕೂ ಸಂಬಂಧವಿರಲಿಲ್ಲ.

ಮಾರನೆಯ ದಿನ ಭದ್ರಾವತಿಯ ಬಸ್ಸು ಹತ್ತಿದೆ. ಭಾವನದು ನೈಟ್ ಶಿಫ್ಟಿನ ವಾರ. ಅಕ್ಕ ಹೊಂಗೆಮರದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದಳು, ಕುತ್ತಿಗೆಯ ಸುತ್ತ ಬೆವರುಸಾಲೆ ಎದ್ದು ಕೆಂಪಾಗಿತ್ತು. ಪಾಟಿಗೆ ವಯಸ್ಸಾಗಿ ಬೆನ್ನು ಬಾಗಿದ್ದರೂ ಪಕ್ಕದಲ್ಲೇ ಇದ್ದರು. ನಾನು ನಡೆದದ್ದನ್ನೆಲ್ಲ ಹೇಳಿದೆ.

"ನಾನು ಗುಳೆ ಹೋಗಿದೀನಾ?" ಎಂದಳು ಅಕ್ಕ. "ಎಲ್ಲಿಗಂತೆ? ಸ್ವಲ್ಪ ತಣ್ಣಗಿರೋ ಕಡೆಗಾದ್ರೂ ಕಳ್ಸಿದಾರಾ ಇಲ್ವಾ?"

ಮರದ ಕೆಳಗಿದ್ದವರೆಲ್ಲ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕರು. ಅಲ್ಲಿ ನಗುವುದೂ ಹಾಗೆಯೇ, ಸದ್ದಿಲ್ಲದೆ. ಟ್ಯಾಂಕರ್ ವಿಷಯ ಹೇಳಿದ ಮೇಲೆ ನಗು ನಿಂತಿತು.

"ನಾನೇ ನಿಜ ಹೇಳಿಬಿಡ್ತೀನಿ ಅಕ್ಕ" ಎಂದೆ.

"ಏನಂತ?"

"ಬೀಗ ಹಾಕೋದು ಯಾಕೆ ಅಂತ."

ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು. "ಅದೊಂದು ಮಾತ್ರ ಬೇಡ ಕಣೇ. ಒಂದು ಸಲ ಹೊರಗೆ ಗೊತ್ತಾದ್ರೆ ಮುಗೀತು. ನಾಳೆಯಿಂದ ಬೀಗ ಇದ್ರೂ ಬಡೀತಾರೆ, ಒಳಗಿದಾರೆ ಅಂತ ಗೊತ್ತಲ್ಲ. ಅವ್ರು ನಿದ್ದೆಗೆಟ್ಟು ಕುಲುಮೆ ಮುಂದೆ ನಿಂತ್ರೆ ಏನಾಗುತ್ತೆ ಅಂತ ನಿಂಗೆ ಹೇಳ್ಬೇಕಾ?"

ಹೇಳಬೇಕಾಗಿರಲಿಲ್ಲ. ಅಪ್ಪನ ಪಾದವನ್ನು ನಾವಿಬ್ಬರೂ ಸರದಿಯಲ್ಲಿ ತೊಳೆದು ಮುಲಾಮು ಹಚ್ಚಿದವರು. ಗುಟ್ಟು ಹೇಳಿದರೆ ನಿದ್ದೆ ಹೋಗುತ್ತದೆ, ಹೇಳದಿದ್ದರೆ ನೀರು ಹೋಗುತ್ತದೆ. ಇದ್ಯಾವ ನ್ಯಾಯ ಎಂದು ನನಗೆ ಅಳು ಬರುವಷ್ಟು ಕೋಪ ಬಂತು. ಸ್ವಂತ ಮನೆಯಲ್ಲಿ ಇದ್ದೇವೆ ಎಂದು ಸಾಬೀತು ಮಾಡಲು ಯಾರಿಗಾದರೂ ಇಷ್ಟು ಕಷ್ಟವಾಗುತ್ತದೆಯೇ?

ಬಸ್ಸಿನಲ್ಲಿ ವಾಪಸ್ ಬರುವಾಗ ಒಂದು ಉಪಾಯ ಹೊಳೆಯಿತು. ತಂಡವನ್ನು ಮಧ್ಯಾಹ್ನ ಕರೆದುಕೊಂಡು ಹೋದರೆ ಬೀಗಗಳು ಕಾಣುತ್ತವೆ. ಸಂಜೆ ಕರೆದುಕೊಂಡು ಹೋದರೆ ಜನ ಕಾಣುತ್ತಾರೆ. ಗುಟ್ಟು ಹೇಳುವ ಅಗತ್ಯವೇ ಬೀಳುವುದಿಲ್ಲ. ಜನರನ್ನು ಕಣ್ಣಾರೆ ನೋಡಿದ ಮೇಲೆ ಯಾವ ನಕ್ಷೆ ತಾನೆ ಉಳಿಯುತ್ತದೆ ಎಂದು ನಾನು ನಂಬಿಕೊಂಡೆ.

ತಂಡ ಬಂದ ದಿನ ಸರ್ ಮಧ್ಯಾಹ್ನವೇ ಲೈನು ತೋರಿಸುವ ಕಾರ್ಯಕ್ರಮ ಹಾಕಿದ್ದರು. ಕೆಂಪು ನಕ್ಷೆಗೆ ತಕ್ಕ ಹೊತ್ತು ಅದೇ. ನಾನು ತಂಡದ ಹಿರಿಯ ಅಧಿಕಾರಿಯ ಹತ್ತಿರ ಹೋಗಿ, "ಈಗ ಅಲ್ಲಿ ನಿಲ್ಲೋಕಾಗಲ್ಲ ಸರ್, ತುಂಬ ಸೆಕೆ. ಸಂಜೆ ಹೋದ್ರೆ ನಿಮಗೂ ಆರಾಮ" ಎಂದೆ. ಅವರು ಕರವಸ್ತ್ರದಲ್ಲಿ ಕುತ್ತಿಗೆ ಒರೆಸಿಕೊಂಡು ಕೂಡಲೇ ಒಪ್ಪಿದರು. ಊಟ ಮುಗಿಸಿ ಎಲ್ಲರೂ ಪ್ರವಾಸಿ ಮಂದಿರದ ಕೋಣೆಗಳಲ್ಲಿ ಮಲಗಿದರು. ಜನ ಸೆಕೆಯಿಂದ ಏನು ಅನುಭವಿಸುತ್ತಿದ್ದಾರೆ ಎಂದು ನೋಡಲು ಬಂದವರು ಸೆಕೆ ಇಳಿಯುವವರೆಗೆ ಗೊರಕೆ ಹೊಡೆದರು. ನಾನು ಹೊರಗೆ ಜಗಲಿಯಲ್ಲಿ ಕೂತು ಗಡಿಯಾರ ನೋಡುತ್ತಿದ್ದೆ, ಖುಷಿಯೂ ಆಗುತ್ತಿತ್ತು, ಕೆಟ್ಟದೊಂದು ಬೈಗುಳವೂ ಬರುತ್ತಿತ್ತು.

ಜೀಪು ಲೈನಿಗೆ ಹೋದಾಗ ಬಿಸಿಲು ಹಳದಿಗೆ ತಿರುಗಿತ್ತು. ಬಾಗಿಲುಗಳೆಲ್ಲ ತೆರೆದಿದ್ದವು. ಸ್ಟವ್ ಉರಿಯುವ ಸದ್ದು, ರೇಡಿಯೋ, ಮಕ್ಕಳ ಕೂಗಾಟ, ದಿನವಿಡೀ ಕಟ್ಟಿಟ್ಟ ಸದ್ದೆಲ್ಲ ಒಮ್ಮೆಗೇ ಹೊರಬಂದಿತ್ತು. ಆಗತಾನೆ ಎದ್ದ ಗಂಡಸರು ಮನೆಗಳ ಮುಂದೆ ಲುಂಗಿ ಕಟ್ಟಿಕೊಂಡು ಹಲ್ಲುಜ್ಜುತ್ತಿದ್ದರು.

"ಇದೇನ್ರೀ, ಸಂಜೆ ಹೊತ್ತಲ್ಲಿ ಹಲ್ಲುಜ್ತಿದಾರೆ?" ಎಂದರು ಅಧಿಕಾರಿ. ಆಮೇಲೆ ಕೈಯಲ್ಲಿದ್ದ ನಕ್ಷೆ ನೋಡಿ, ಲೈನು ನೋಡಿ, ನಮ್ಮ ಸರ್ ಕಡೆ ತಿರುಗಿದರು. "ಖಾಲಿ ಅಂದ್ರಲ್ಲ, ಇಷ್ಟು ಜನ ಇದಾರಲ್ಲ?"

ಗೆದ್ದೆ ಎಂದುಕೊಂಡೆ. ಸರ್ ಮುಖ ಒಂದು ಗಳಿಗೆ ಬಿಳುಚಿತು. ಆದರೆ ಮೂವತ್ತು ವರ್ಷ ಪಾಠ ಮಾಡಿದ ನಾಲಿಗೆ ಅದು, ಬೇಗ ಚೇತರಿಸಿಕೊಂಡಿತು.

"ಇವರು ವಾಪಸ್ ಬಂದವರು ಸರ್. ಟ್ಯಾಂಕರ್ ಹಂಚ್ತಾರೆ ಅಂತ ಸುದ್ದಿ ಸಿಕ್ಕಿರುತ್ತೆ, ಬಂದಿರ್ತಾರೆ. ನೀವು ಹೋದ್ಮೇಲೆ ಮತ್ತೆ ಹೊರಡ್ತಾರೆ. ಬರದ ಕಡೆ ಇದು ಮಾಮೂಲು."

ಅಧಿಕಾರಿ ತಲೆಯಾಡಿಸಿದರು. ಹಾಗಿದ್ದರೆ ಖಾಯಂ ಇರುವವರ ಲೆಕ್ಕವಷ್ಟೇ ಹಿಡಿಯೋಣ ಎಂದು ಪಕ್ಕದವರಿಗೆ ಹೇಳಿದರು. ಸುಳ್ಳನ್ನು ಹಿಡಿಯಬಹುದು, ಹೀಗೆ ನಯವಾಗಿ ಜಾರುವ ತಪ್ಪನ್ನು ಎಲ್ಲಿಂದ ಹಿಡಿಯುವುದು?

ಅಕ್ಕ ಖಾಲಿ ಕೊಡವನ್ನು ಸೊಂಟಕ್ಕಿಟ್ಟುಕೊಂಡು ಅಲ್ಲೇ ನಿಂತಿದ್ದಳು. ಕೊಡ ಕೆಳಗಿಟ್ಟಳು.

"ಎಲ್ಲಿಂದ ವಾಪಸ್ ಬಂದ್ವಿ ಸ್ವಾಮಿ?"

ಸರ್ ಬೇರೆ ಕಡೆ ನೋಡಿದರು. ಅಕ್ಕ ಉಳಿದ ಹೆಂಗಸರ ಮುಖ ನೋಡಿದಳು. ಪಾಟಿ ಬಾಗಿಲಲ್ಲಿ ಕೂತಲ್ಲಿಂದಲೇ ಕೈ ಬೀಸಿ "ಸೊಲ್ಲು, ಸೊಲ್ಲು" ಎಂದರು, ಹೇಳು ಎಂದು. ನಾನು ಬೇಡವೆಂದು ತಲೆಯಾಡಿಸಿದೆ. ಅಕ್ಕ ನನ್ನನ್ನು ನೋಡಲಿಲ್ಲ.

"ಬೆಳಿಗ್ಗೆ ಈ ಬಾಗಿಲಿಗೆ ಬೀಗ ಹಾಕಿದ್ದು ನಾನು. ಒಳಗೆ ಮಲಗಿದ್ದು ಇವ್ರು" ಎಂದು ಭಾವನ ಕಡೆ ಕೈ ತೋರಿಸಿದಳು. ಭಾವ ಬಾಯಿ ತುಂಬ ನೊರೆ ಇಟ್ಟುಕೊಂಡು ಕಣ್ಣು ಬಿಟ್ಟರು. "ರಾತ್ರಿಯೆಲ್ಲ ಬೆಂಕಿ ಮುಂದೆ ನಿಂತು ಬರ್ತಾರೆ. ಯಾರೂ ಬಾಗಿಲು ಬಡೀಬಾರ್ದು ಅಂತ ಬೀಗ. ಊರಿಗೆ ಹೋಗಿದಾರೆ ಅಂತ ಹೇಳೋದು ನಾವೇ, ಎಲ್ಲರ ಮನೆಗೂ ಹಾಗೇ ಹೇಳ್ತೀವಿ. ನಿಮ್ಮ ಹುಡುಗರು ಬಂದಾಗ ನಾನು ಆ ಮರದ ಕೆಳಗೆ ಕೂತು ನೋಡ್ತಿದ್ದೆ. ನನ್ನನ್ನ ಒಬ್ರೂ ಕೇಳ್ಲಿಲ್ಲ."

"ಮತ್ತೆ ನೀವು ಮನೆ ಒಳಗೇ ಇರಬಹುದಲ್ಲಮ್ಮ?" ಎಂದರು ಅಧಿಕಾರಿ.

"ಬನ್ನಿ, ನೋಡಿ" ಎಂದು ಅಕ್ಕ ಬಾಗಿಲಿನಿಂದ ಸರಿದು ನಿಂತಳು. ಅವರು ಒಳಗೆ ತಲೆ ಹಾಕಿದರು. ಒಂದು ಕೋಣೆ, ಒಂದು ಟೇಬಲ್ ಫ್ಯಾನು, ನೀರು ಒಣಗಿ ಕಲೆಯುಳಿದ ನೆಲ. ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿತ್ತು.

ಆಗ ನನಗೂ ಬಾಯಿ ಬಂತು. ಈ ಸರ್ವೆಯಲ್ಲಿ ಮನೆಯೊಳಗೆ ಎಷ್ಟು ಸೆಕೆ ಎಂದು ಕೇಳಿದ್ದೇವೆ, ಮನೆಯ ಹೊರಗೆ ಯಾರಿದ್ದಾರೆ ಎಂದು ಕೇಳಿಲ್ಲ, ಕೆಂಪು ಬಳಿದ ಪ್ರತಿ ಮನೆಯ ಹೆಂಗಸೂ ಸುಡುಬಿಸಿಲಿನ ದಿನವಿಡೀ ಹೊರಗೇ ಇರುತ್ತಾಳೆ, ಆ ಮರದ ಕೆಳಗೆ ನಮ್ಮಮ್ಮ ಬಿದ್ದದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ ಎಂದೆ. ದನಿ ನಡುಗುತ್ತಿತ್ತು. ಹೆದರಿಕೆಯಿಂದ ಎಂದು ಸರ್ ತಿಳಿದಿರಬೇಕು, "ಸಮಾಧಾನಮ್ಮ" ಎಂದರು. ನನಗೆ ಸಮಾಧಾನ ಬೇಕಾಗಿರಲಿಲ್ಲ. ಆ ನಕ್ಷೆ ಹರಿಯಬೇಕಾಗಿತ್ತು.

ನಕ್ಷೆ ಹರಿಯಲಿಲ್ಲ, ಆದರೆ ಅಧಿಕಾರಿ ಅದನ್ನು ಮಡಚಿ ಸರ್ ಕೈಗೆ ಕೊಟ್ಟರು. ಆ ಬೇಸಿಗೆ ಮುಗಿಯುವವರೆಗೂ ಲೈನಿಗೆ ಟ್ಯಾಂಕರ್ ಬಂತು.

ರವೀಂದ್ರನಗರದಲ್ಲಿ ಮಾತ್ರ ಗಾಳಿ ಬದಲಾಗಿತ್ತು. ನಾಲ್ಕು ಜನರ ಮುಂದೆ ಮುಖಕ್ಕೆ ಮಸಿ ಬಳಿದೆ ಎಂದರು ಸರ್. ಅವರ ನೋವು ನನಗೆ ಅರ್ಥವಾಗುತ್ತಿತ್ತು, ಆದರೂ ತಲೆ ತಗ್ಗಿಸಲು ಮನಸ್ಸು ಒಪ್ಪಲಿಲ್ಲ. ಕೊನೆಗೆ ಅವರೇ ಒಂದು ರಾಜಿಗೆ ಬಂದರು. ಪ್ರಬಂಧದಲ್ಲಿ ದುಡಿಯುವ ಗಂಡಸರ ನಿದ್ದೆಗೇಡಿನ ಬಗ್ಗೆ ಒಂದು ಅಧ್ಯಾಯ ಬರಿ, ಮರದ ಕೆಳಗಿನ ಹೆಂಗಸರ ವಿಷಯ ಅಡಿಟಿಪ್ಪಣಿಯಲ್ಲಿ ಬರಲಿ, ಅಷ್ಟು ಸಾಕು ಎಂದರು.

"ಇಷ್ಟು ವರ್ಷ ಹೊರಗೆ ಕೂತಿದಾರೆ ಸರ್. ಪುಸ್ತಕದಲ್ಲೂ 'ಹೊರಗೆ ಕೂತ್ಕೊಳಿ' ಅನ್ನೋಕೆ ನನ್ನಿಂದಾಗಲ್ಲ" ಎಂದೆ.

ಅಲ್ಲಿಗೆ ಆ ಕೆಲಸ ಮುಗಿಯಿತು. ನನ್ನ ಪುಸ್ತಕಗಳನ್ನು ಎರಡು ಚೀಲಕ್ಕೆ ತುಂಬಿಕೊಂಡು ಮೆಟ್ಟಿಲಿಳಿದೆ. ಬೇರೆ ಮಾರ್ಗದರ್ಶಕರು ಸಿಗಲು, ಅದೇ ಕೆಲಸವನ್ನು ಮೊದಲಿನಿಂದ ಶುರು ಮಾಡಲು ವರ್ಷಗಳೇ ಹಿಡಿದವು. ಓನರ್ ಆಂಟಿ ಬಾಡಿಗೆಗೆ ಅವಸರ ಮಾಡಲಿಲ್ಲ, ಆದರೆ ದಿನಾ ಒಂದು ಸಲ, ಯಾವುದಾದರೂ ಶಾಲೆಯಲ್ಲಿ ಟೀಚರ್ ಆಗಬಾರದಾ ಎಂದು ಕೇಳುತ್ತಿದ್ದರು. ನನಗೆ ಭಯವಿತ್ತು, ಇಲ್ಲ ಎನ್ನುವುದಿಲ್ಲ. ಪಶ್ಚಾತ್ತಾಪ ಮಾತ್ರ ಒಂದು ದಿನವೂ ಬರಲಿಲ್ಲ.

ಅಕ್ಕ ಹೆದರಿದ್ದಂತೆಯೇ ಆಯಿತು. ಬೀಗದ ಸುದ್ದಿ ಊರಿನಲ್ಲಿ ತಮಾಷೆಯ ಕಥೆಯಾಗಿ ಹರಡಿತು. ಮುಂದಿನ ಏಪ್ರಿಲ್‌ನಲ್ಲಿ ನಾನು ಪೆನ್ನು ಪೇಪರು ಹಿಡಿದು ಮತ್ತೆ ಲೈನಿಗೆ ಹೋದಾಗ ಹೊಂಗೆಮರದ ಕೆಳಗೆ ಮಕ್ಕಳಷ್ಟೇ ಇದ್ದರು, ಅವರನ್ನು ನೋಡಿಕೊಳ್ಳಲು ಪಾಟಿ. ಹೆಂಗಸರು ತಂತಮ್ಮ ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದರು. ಬೀಗ ಕೆಲಸಕ್ಕೆ ಬಾರದ ಮೇಲೆ ಬಾಗಿಲಿಗೆ ತಾವೇ ಅಡ್ಡ ಕೂತಿದ್ದರು. ಆ ಹೊತ್ತಿನಲ್ಲಿ ಆ ಮೆಟ್ಟಿಲುಗಳ ಮೇಲೆ ಗೇಣು ನೆರಳೂ ಇರುವುದಿಲ್ಲ. ಅಕ್ಕ ಒದ್ದೆ ಟವೆಲ್ ತಲೆಗೆ ಹೊದ್ದುಕೊಂಡು, ಎಡಗೈ ನೆರಳಲ್ಲಿ ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು.

ನಾನು ಪಕ್ಕದಲ್ಲಿ ಕೂತೆ. ಕಲ್ಲು ಸೀರೆಯ ಮೂಲಕವೂ ಸುಡುತ್ತಿತ್ತು. ಸೀರೆ ಕಂತಿನವನು ಸೈಕಲ್ ತಳ್ಳಿಕೊಂಡು ಬಂದ. ಅಕ್ಕ ದನಿ ಏರಿಸದೆ "ಮಲಗಿದಾರೆ. ಬಡಿದ್ರೆ ಕೈ ಮುರೀತೀನಿ, ಮುಂದೆ ಹೋಗು" ಎಂದಳು. ಅವನು ಹೋದ.

"ಅವತ್ತು ನೀನು ಹೇಳ್ದೇ ಇದ್ದಿದ್ರೆ ನೆರಳಲ್ಲಾದ್ರೂ ಕೂತಿರ್ತಿದ್ದೆ" ಎಂದೆ. ಸೆರಗಿನಿಂದ ಕಣ್ಣು ಒರೆಸಿಕೊಂಡೆ.

"ನೆರಳಲ್ಲಿ ಕೂತಿದ್ದಾಗ ನಾನು ಈ ಲೈನಲ್ಲೇ ಇಲ್ಲ ಅಂತ ಬರ್ಕೊಂಡು ಹೋದ್ರು" ಎಂದಳು ಅಕ್ಕ. ಟವೆಲಿನ ತುದಿಯಿಂದ ಕುತ್ತಿಗೆ ಒರೆಸಿಕೊಂಡು ನನ್ನ ಕೈಯಲ್ಲಿದ್ದ ಪೆನ್ನಿನ ಕಡೆ ಗಲ್ಲ ಎತ್ತಿದಳು. "ಸುಮ್ನೆ ಅಳ್ತಾ ಕೂರ್ಬೇಡ. ಬರ್ಕೊ. ಇದೀನಿ ಅಂತ ಬರ್ಕೊ. ಬಿಸಿಲಲ್ಲಿ ಕೂತಿದೀನಿ ಅಂತಾನೂ ಬರ್ಕೊ."

ಬರೆದುಕೊಂಡೆ. ಅದು ನನ್ನ ಪ್ರಬಂಧದ ಮೊದಲ ಅಧ್ಯಾಯದ ಮೊದಲ ಸಾಲಾಯಿತು. ಓದಿದವರಲ್ಲಿ ಹಲವರು ಇದು ಶಾಸ್ತ್ರೀಯವಾಗಿಲ್ಲ, ತೆಗೆಯಿರಿ ಎಂದಿದ್ದಾರೆ. ನಾನು ತೆಗೆದಿಲ್ಲ.